ಅಮ್ಮ ಇಷ್ಟು ಕುಳ್ಳಗಿರಲಿಲ್ಲ

ಜೂನ್ 2, ಸೋಮವಾರ

ಸಿಕ್ಕಿತು! ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಟ್ಟೆ ಟ್ರಂಕಿನ ತಳದಲ್ಲಿ ಬಿದ್ದಿದ್ದ ಫ್ಲಾಪಿ ಇವತ್ತು ಬಾಯಿ ಬಿಟ್ಟಿತು. ಬಾಯಿ ಬಿಡಿಸಿದವನು ಆಫೀಸಿನ ಗಡ್ಡ. ನಮ್ಮಲ್ಲಿ ಆಟಗಳಿಗೆ ಚಿತ್ರ ಬಿಡಿಸುವವನು. ಮುಖದಲ್ಲಿ ಗಡ್ಡ ಬಿಟ್ಟು ಬೇರೇನೂ ಕಾಣದ್ದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುವುದು. ಎಲ್ಲಿಂದಲೋ ಹಳೆಯ ಡ್ರೈವೊಂದನ್ನು ಹುಡುಕಿ ತಂದು, ಧೂಳು ಊದಿ, ಒರೆಸಿ, ಫ್ಲಾಪಿ ತೂರಿಸಿದ. ಅದು ಕರಕರ ಎಂದಿತು. "ಮೇಡಂ, ಎಲ್ಲಾ ಇದೆ" ಅಂದ. ನನ್ನ ಪ್ರೋಗ್ರಾಂ ಇದೆ, ಅಕ್ಕನ ಚಿತ್ರಗಳು ಒಂದೂ ಬಿಡದೆ ಇವೆ.

ಫ್ಲಾಪಿಯಲ್ಲಿರುವುದು ಒಂದು ಕಂಪ್ಯೂಟರ್ ಆಟ, ಅಂಥ ದೊಡ್ಡದೇನಲ್ಲ. ಕತ್ತಲಾಗುವುದರೊಳಗೆ ಹುಡುಗಿಯೊಬ್ಬಳು ಗೋಡೆ ಹಾರಿ, ನಾಯಿಯಿಂದ ತಪ್ಪಿಸಿಕೊಂಡು, ಮನೆ ಸೇರಬೇಕು. ಕೊನೆಯ ದೃಶ್ಯದಲ್ಲಿ ಹಿತ್ತಿಲ ಬಾಗಿಲಲ್ಲಿ ಅಮ್ಮ ನಿಂತಿರುತ್ತಾಳೆ, ಹಣೆಗೆ ಕೈ ಅಡ್ಡ ಹಿಡಿದು. ಅವಳ ಹತ್ತಿರ ಹೋಗಿ ಮುಟ್ಟಿದರೆ ಗೆದ್ದ ಹಾಗೆ. ಅಪ್ಪ ತನ್ನ ಆಫೀಸಿಗೆ ಬೇಡವಾದ ಕಂಪ್ಯೂಟರನ್ನು ಮನೆಗೆ ಹೊತ್ತು ತಂದ ವರ್ಷ ನಾನೂ ಅಕ್ಕನೂ ಸೇರಿ ಮಾಡಿದ್ದು. ಪ್ರೋಗ್ರಾಂ ನನ್ನದು, ಚಿತ್ರ ಅವಳದು. ಆ ಅಮ್ಮ ನಮ್ಮ ಅಮ್ಮನೇ. "ಎಷ್ಟು ಹೊತ್ತೂಂತ ಆ ಡಬ್ಬದ ಮುಂದೆ ಕೂತಿರ್ತೀರೇ" ಎಂದು ಬಾಗಿಲಲ್ಲಿ ನಿಂತು ಬೈಯುತ್ತಿದ್ದಾಗಲೇ ಅಕ್ಕ ಅವಳನ್ನು ನೋಡಿ ನೋಡಿ ಪರದೆಯ ಒಂದೊಂದೇ ಪುಟ್ಟ ಚೌಕಕ್ಕೆ ಬಣ್ಣ ತುಂಬಿದ್ದಳು.

ಅಕ್ಕನಿಗೆ ಈಗ ಬೇಕಾಗಿರುವುದು ಆ ಅಮ್ಮ. ಅಮ್ಮ ಹೋದ ಮೇಲೆ ಉಳಿದ ಫೋಟೋಗಳಿವೆ. ಆದರೆ ಕ್ಯಾಮೆರಾ ಕಂಡರೆ ಅಮ್ಮ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತುಬಿಡುತ್ತಿದ್ದಳು. ಬೈಯುವ ಅಮ್ಮ ಇರುವುದು ಈ ಫ್ಲಾಪಿಯಲ್ಲಿ ಮಾತ್ರ. ಅಕ್ಕನ ಎಡಗಣ್ಣಿನ ನಡುಭಾಗ ಹೋಗಿ ಎರಡು ವರ್ಷವಾಯಿತು. ಈಗ ಬಲಗಣ್ಣಿಗೂ ಅದೇ ಶುರುವಾಗಿದೆ. ಯಾವುದನ್ನು ನೋಡುತ್ತಾಳೋ ಅದೇ ಮಸುಕು, ಅದರ ಸುತ್ತಲಿನದೆಲ್ಲ ಕಾಣುತ್ತದೆ. ಕಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. "ಇರೋ ಕಣ್ಣಲ್ಲೇ ಒಂದ್ಸಲ ನೋಡ್ಬಿಡ್ತೀನಿ ಕಣೇ ಪುಟ್ಟಿ. ದೊಡ್ಡದಾಗಿ ಮಾಡಿಕೊಡು" ಅಂದಿದ್ದಾಳೆ. ವಯಸ್ಸು ಐವತ್ತು ದಾಟಿದರೂ ನಾನು ಪುಟ್ಟಿಯೇ.

ಆಗಲಿ. ಚಿತ್ರವನ್ನು ಚಿಕ್ಕದು ಮಾಡುವುದು, ದೊಡ್ಡದು ಮಾಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಒಂದು ವಾರ ಸಾಕು.

ಜೂನ್ 8, ಭಾನುವಾರ

ಮೊದಲ ದೃಶ್ಯವನ್ನು ಹೊಸ ಪ್ರೋಗ್ರಾಮಿಗೆ ಇಳಿಸಿಕೊಂಡು ಅಕ್ಕನ ಮನೆಗೆ ಹೋದೆ. ಭಾವ ಹೊಸ ಟಿವಿ ತಂದಿದ್ದಾರೆ, ಅರ್ಧ ಗೋಡೆ ಅದೇ. "ನಿಮ್ಮಕ್ಕನಿಗೋಸ್ಕರ" ಎನ್ನುತ್ತಾರೆ. ಮ್ಯಾಚು ಇರುವ ದಿನ ಬಂದು ನೋಡಬೇಕು ಯಾರಿಗೋಸ್ಕರ ಎಂದು.

ಲ್ಯಾಪ್‌ಟಾಪ್ ಜೋಡಿಸಿ ಆಟ ಹಾಕಿದೆ. ನಮ್ಮ ಬೀದಿ ಪೂರ್ತಿ ಒದ್ದೆ ಗಾಜಿನಾಚೆ ನಿಂತ ಹಾಗೆ ಬಂತು. ಅಕ್ಕ ಡ್ರಾಯಿಂಗ್ ಟೀಚರ್ ಆಗಿದ್ದವಳು, ಗಂಟಲಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. "ನನ್ನ ಕಣ್ಣೇ ಮಂಜು. ನಿನ್ನ ಚಿತ್ರಾನೂ ಮಂಜೇನೇ?" ಎಂದು ಕಿರುಚಿದಳು. ಭಾವ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ತಪ್ಪು ನನ್ನದೇ. ಚಿಕ್ಕ ಚಿತ್ರವನ್ನು ಹಿಗ್ಗಿಸುವಾಗ ನಡುವೆ ಹೊಸ ಜಾಗ ಹುಟ್ಟುತ್ತದಲ್ಲ, ಅದನ್ನು ಕಂಪ್ಯೂಟರು ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ತುಂಬುತ್ತದೆ. ಫೋಟೋಗಳಿಗೆ ಅದು ಒಳ್ಳೆಯದು. ಎಣಿಸಿ ಎಣಿಸಿ ಚೌಕ ತುಂಬಿದ ಚಿತ್ರಕ್ಕೆ ಅದು ಶತ್ರು. ಆ ಸೆಟ್ಟಿಂಗ್ ತೆಗೆದುಹಾಕುವುದು ಒಂದು ಸಾಲಿನ ಕೆಲಸ, ಅಲ್ಲೇ ಮಾಡಿದೆ. ಪ್ರತಿ ಚೌಕವೂ ಕತ್ತರಿಸಿ ಅಂಟಿಸಿದಷ್ಟು ಚೂಪಾಗಿ ಎದ್ದು ನಿಂತಿತು. ಚಿತ್ರ ಅಂದರೆ ಹೀಗಿರಬೇಕು. ಮಸುಕು ಕಂಡರೆ ನನಗೆ ಆಗುವುದಿಲ್ಲ.

"ಅಯ್ಯೋ, ನನ್ನ ಮೇಕೆನಾಯಿ!" ಅಂದಳು ಅಕ್ಕ. ಅವಳು ಬಿಡಿಸಿದ ನಾಯಿ ಆಗಲೂ ಮೇಕೆಯ ಹಾಗೇ ಇತ್ತು. ಅಮ್ಮ ಅದನ್ನು ನೋಡಿ, "ಇದು ಕಚ್ಚುತ್ತೋ, ಸೊಪ್ಪು ತಿನ್ನುತ್ತೋ?" ಎಂದು ಕೇಳಿದ್ದಳು. ಮೂರು ದಿನ ಅಕ್ಕ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಅದನ್ನು ನೆನೆದು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಜೂನ್ 11, ಬುಧವಾರ

ಆಫೀಸಿನಲ್ಲಿ ತಲೆ ಎತ್ತಲು ಬಿಡುವಿಲ್ಲ. ಅಕ್ಕ ಎರಡು ಸಲ ಫೋನು ಮಾಡಿದ್ದಳು, ಎತ್ತಲಾಗಲಿಲ್ಲ. ಭಾನುವಾರ ಹೇಗೂ ಹೋಗುತ್ತೇನಲ್ಲ.

ಜೂನ್ 15, ಭಾನುವಾರ

ಹುಡುಗಿ ಈಗ ನಡೆಯುತ್ತಾಳೆ, ಓಡುತ್ತಾಳೆ, ಗೋಡೆ ಹಾರುತ್ತಾಳೆ. ಆಡಿಸಿದವಳು ನಾನು, ಬೈದವಳು ಅಕ್ಕ. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಇಡೀ ಆಯಸ್ಸು ಬೇರೆಯವರ ಪಕ್ಕ ಕೂತವರು. ನಾಯಿ ಎದುರು ಬಂದಾಗಲೆಲ್ಲ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಅಕ್ಕ ಹೇಳಿದಳು: "ಓಡುವಾಗ ಇವಳ ಕಾಲು ಒಂದ್ಸಲ ದಪ್ಪ, ಒಂದ್ಸಲ ಸಣ್ಣ ಆಗ್ತಿದೆ ಕಣೇ. ಗೋಡೆ ಗೆರೆ ಎಲ್ಲಾ ಅಲೆ ಅಲೆ."

ನೇರ ಗೆರೆ ಸೊಟ್ಟ ಕಾಣಲು ಶುರುವಾದರೆ ಕೂಡಲೇ ಬನ್ನಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದು ನೆನಪಾಯಿತು. "ಅದು ನಿನ್ನ ಕಣ್ಣಕ್ಕಾ" ಅಂದೆ, ಆದಷ್ಟು ಮೆಲ್ಲಗೆ. ಅಕ್ಕ ಎದ್ದು ಒಳಗೆ ಹೋಗಿ ಮಲಗಿದಳು.

ಜೂನ್ 16, ಸೋಮವಾರ

ಬೆಳಿಗ್ಗೆ ಭಾವನ ಫೋನು. "ನೋಡಮ್ಮಾ, ನಿಮ್ಮಕ್ಕ ರಾತ್ರಿಯೆಲ್ಲ ಅತ್ತಿದ್ದಾಳೆ. ನಾಳೆ ಡಾಕ್ಟರ ಹತ್ರ ಹೋಗ್ತೀವಿ. ಆದ್ರೆ ಒಂದ್ ಮಾತು. ಆ ಕಾಲು ದಪ್ಪ ಸಣ್ಣ ಆಗೋದು ನಂಗೂ ಕಾಣ್ತಾ ಇತ್ತಲ್ಲ?"

ಆಫೀಸಿಗೆ ಹೋದವಳೇ ಬ್ಯಾಗನ್ನೂ ಇಳಿಸದೆ ಲೆಕ್ಕ ಹಾಕಿದೆ. ನಮ್ಮ ಚಿತ್ರದ ಎತ್ತರ ಇನ್ನೂರು ಚೌಕ. ಟಿವಿಯಲ್ಲಿ ಸಾವಿರದ ಎಂಬತ್ತು ಗೆರೆ. ಟಿವಿ ತುಂಬಲಿ ಎಂಬ ಆಸೆಗೆ ನಾನು ಚಿತ್ರವನ್ನು ಐದೂವರೆಗೆ ಕೊಂಚ ಕಡಿಮೆ ಪಟ್ಟು ಹಿಗ್ಗಿಸಿದ್ದೆ. ಅರ್ಧ ಗೆರೆ ಎಳೆಯುವುದು ಯಾವ ಟಿವಿಯಿಂದಲೂ ಆಗುವುದಿಲ್ಲ. ಹಾಗಾಗಿ ಒಂದು ಚೌಕಕ್ಕೆ ಐದು ಗೆರೆ, ಪಕ್ಕದ್ದಕ್ಕೆ ಆರು. ಹುಡುಗಿ ಒಂದು ಹೆಜ್ಜೆ ಸರಿದರೆ ಅದೇ ಕಾಲು ಐದರಿಂದ ಆರಾಗುತ್ತದೆ. ಈ ಕೆಲಸಕ್ಕೆ ಸೇರಿದವರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠ ಇದು: ಚೌಕದ ಚಿತ್ರ ಹಿಗ್ಗಿಸುವುದಾದರೆ ಪೂರ್ತಿ ಪಟ್ಟು ಹಿಗ್ಗಿಸು, ಸುತ್ತ ಕಪ್ಪು ಅಂಚು ಉಳಿದರೆ ಉಳಿಯಲಿ. ಪಾಠ ಹೇಳಿಕೊಡುವವಳು ನಾನೇ!

ಸರಿಯಾಗಿ ಐದು ಪಟ್ಟು ಮಾಡಿದೆ. ಕಾಲು ಕಾಲಿನ ಹಾಗಾಯಿತು. ಸಂಜೆ ಬಸ್ಸು ಹತ್ತಿ ನೇರ ಅಕ್ಕನ ಮನೆಗೆ ಹೋದೆ. "ನಿನ್ನ ಕಣ್ಣು ಸರಿ ಇತ್ತು ಕಣಕ್ಕಾ, ನನ್ನದೇ ತಪ್ಪು" ಅಂದೆ. ಅವಳು ಬೈಯಬಹುದಿತ್ತು. "ಅಷ್ಟು ಹೇಳೋಕೆ ಇಷ್ಟು ದೂರ ಬಂದ್ಯಾ? ಊಟ ಮಾಡ್ಕೊಂಡು ಹೋಗು" ಅಂದಳು. ಇನ್ನು ಅವಳು ಏನೇ ಹೇಳಲಿ, ಮೊದಲು ನನ್ನ ಪ್ರೋಗ್ರಾಂ ನೋಡಿಕೊಳ್ಳುವುದು.

ಜೂನ್ 17, ಮಂಗಳವಾರ

ಡಾಕ್ಟರಿಗೆ ತೋರಿಸಿದರು. ಇಂಜೆಕ್ಷನ್ ಮುಂದುವರಿಸೋಣ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದರಂತೆ. ಮತ್ತೆ ನೋಡೋಣ ಎನ್ನುವವರ ಮುಖ ಹೇಗಿತ್ತು ಎಂದು ಕೇಳಿದೆ. "ನಂಗೇನ್ ಗೊತ್ತು, ಮುಖವೊಂದು ಬಿಟ್ಟು ಬಾಕಿಯೆಲ್ಲ ಕಾಣಿಸ್ತು. ಕಿವಿಯೋಲೆ ಚೆನ್ನಾಗಿತ್ತು" ಅಂದಳು ಅಕ್ಕ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ, ನಕ್ಕೆ.

ಜೂನ್ 22, ಭಾನುವಾರ

ಇವತ್ತು ಕೊನೆಯ ದೃಶ್ಯ. ವಾರವಿಡೀ ಆಫೀಸಿನಿಂದ ಬಂದವಳು ಅದಕ್ಕೇ ಅಂಟಿಕೊಂಡಿದ್ದೆ. ಹಿತ್ತಿಲ ಬಾಗಿಲು, ಮೇಲೆ ಆಗತಾನೆ ಹುಟ್ಟಿದ ಚಂದ್ರ, ತಂತಿಯ ಮೇಲೆ ಒಣಗಿದ ಬಟ್ಟೆ, ಬಾಗಿಲಲ್ಲಿ ಅಮ್ಮ. ಮೊದಲ ಸಲ ಪರದೆಯ ಮೇಲೆ ಬಂದಾಗ ಮನೆಯಲ್ಲಿ ಒಬ್ಬಳೇ ಇದ್ದೆ. "ಬಂದೆ, ಬಂದೆ" ಎಂದು ಬಾಯಲ್ಲಿ ತಾನಾಗೇ ಬಂತು.

ಅಕ್ಕ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಇವಳು ಅಮ್ಮ ಅಲ್ಲ."

"ಅಂದ್ರೆ?"

"ಅಮ್ಮ ಇಷ್ಟು ಕುಳ್ಳಗಿರಲಿಲ್ಲ."

"ಅಕ್ಕಾ, ನೀನು ಬಿಡಿಸಿದ್ದನ್ನೇ ಹಾಕಿದೀನಿ. ಒಂದು ಚೌಕಾನೂ ಆಚೆ ಈಚೆ ಮಾಡಿಲ್ಲ. ಅಮ್ಮನ ಎತ್ತರ ನಲವತ್ತು ಚೌಕ. ಬೇಕಾದ್ರೆ ಎಣಿಸು."

ಎಣಿಸು ಅಂದುಬಿಟ್ಟೆ. ಅವಳಿಗೆ! ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಆದರೆ ಅಕ್ಕ ಆ ಮಾತಿಗೆ ಬೇಸರಪಟ್ಟುಕೊಂಡವಳೇ ಅಲ್ಲ. "ಎಣಿಸೋದೆಲ್ಲ ನಂಗೆ ಬೇಡ. ಅಮ್ಮ ಬಾಗಿಲಲ್ಲಿ ನಿಂತ್ರೆ ಮೇಲಕ್ಕೆ ಎಳೆದ ಗೆರೆ ಹಾಗಿರ್ತಿದ್ಲು. ಆ ಎತ್ತರಕ್ಕೇ ಅಪ್ಪ ಅವಳ ಪಕ್ಕ ನಡೆಯೋಕೆ ನಾಚ್ಕೋತಿದ್ರು. ಇವಳ್ಯಾರೋ ಗುಜ್ಜಾರಿ, ಹಾಲು ಹಾಕೋಕೆ ಬಂದವಳ ಹಾಗಿದಾಳೆ."

"ಇಷ್ಟು ವರ್ಷ ಆಯ್ತಲ್ಲ, ನಿನ್ನ ನೆನಪಲ್ಲಿ ಅಮ್ಮ ಬೆಳೆದಿರಬಹುದು" ಅಂದೆ.

"ಹೌದಮ್ಮಾ. ಕಣ್ಣಂತೂ ಕೆಟ್ಟಿದೆ, ಈಗ ತಲೇನೂ ಕೆಟ್ಟಿದೆ ಅನ್ನು" ಎಂದು ಎದ್ದು ಹೋದಳು. ಬಾಗಿಲು ಧಡ್ ಎಂದಿತು. ಭಾವ ರಿಮೋಟು ಹಿಡಿದುಕೊಂಡು ನನ್ನನ್ನೂ ಬಾಗಿಲನ್ನೂ ನೋಡಿದರು. ಇಂಥ ಹೊತ್ತಿನಲ್ಲಿ ಯಾವ ಪೆಡಲು ಒತ್ತಬೇಕೆಂದು ಅವರಿಗೂ ತೋಚಲಿಲ್ಲ.

ಸಂಖ್ಯೆ ಸುಳ್ಳು ಹೇಳುವುದಿಲ್ಲ. ನಲವತ್ತು ಎಂದರೆ ನಲವತ್ತು. ಇಷ್ಟು ಕಷ್ಟಪಟ್ಟು ಮಾಡಿಕೊಟ್ಟವಳಿಗೆ ಒಂದು ಒಳ್ಳೆಯ ಮಾತಿಲ್ಲ.

ಜೂನ್ 24, ಮಂಗಳವಾರ

ಫೋನು ಮಾಡಿದೆ. ಭಾವ ಎತ್ತಿದರು. "ಮಲಗಿದಾಳೆ" ಅಂದರು. ಹಿಂದೆ ಅಕ್ಕನ ಗಂಟಲು ಕೇಳಿಸುತ್ತಿತ್ತು.

ಜೂನ್ 25, ಬುಧವಾರ

ಗಡ್ಡನಿಗೆ ಚಿತ್ರ ತೋರಿಸಿದೆ. ಅಮ್ಮನ ಕೆನ್ನೆಯ ಮೇಲೆ ಬೆರಳಿಟ್ಟು, "ಇದೇನು ಮೇಡಂ, ಚದುರಂಗದ ಮಣೆ?" ಅಂದ. ಆ ಕಾಲದ ಕಂಪ್ಯೂಟರಿನಲ್ಲಿ ಇದ್ದದ್ದೇ ಹದಿನಾರು ಬಣ್ಣ. ಅದರಲ್ಲಿ ಅಮ್ಮನ ಮೈಬಣ್ಣ ಇರಲಿಲ್ಲ. ಒಂದು ಚೌಕ ಕಂದು, ಒಂದು ಚೌಕ ಹಳದಿ, ಮತ್ತೆ ಕಂದು, ಮತ್ತೆ ಹಳದಿ ಇಟ್ಟು ಅಕ್ಕ ಆ ಬಣ್ಣವನ್ನು ಹುಟ್ಟಿಸಿದ್ದಳು. ಹಳೆಯ ಮಾನಿಟರಿನಲ್ಲಿ ಅದು ಒಂದಕ್ಕೊಂದು ಬೆರೆತು ಕೆನ್ನೆ ಆಗುತ್ತಿತ್ತು. ಈಗಿನ ಚೂಪು ಪರದೆಯಲ್ಲಿ ಚದುರಂಗ.

ಅಕ್ಕನ ಬೆನ್ನಿಗೆ ಅಂಟಿಕೊಂಡು ಕೂತು ಅದನ್ನು ನೋಡುತ್ತಿದ್ದುದು ನೆನಪಾಯಿತು. ಅವಳ ಜಡೆಯ ಎಣ್ಣೆ ವಾಸನೆ, ಮಾನಿಟರಿನ ಬಿಸಿ, ಹಿಂದಿನಿಂದ ಅಮ್ಮನ ಬೈಗುಳ. "ಅಲ್ಲಾಡಬೇಡಮ್ಮಾ, ಮುಖ ಮಾಡ್ತಿದೀನಿ" ಎಂದು ಅಕ್ಕ ಹೇಳಿದರೆ, "ದೇವರು ಮಾಡಿರೋ ಮುಖ ಸಾಲದಾ" ಎಂದು ಅಮ್ಮ. ಹಾಗೆನ್ನುತ್ತಲೇ ಅಲ್ಲಾಡದೆ ನಿಂತಿದ್ದಳು. ಆ ಹಿತ್ತಿಲಿಗೆ, ಆ ಸಂಜೆಗೆ ಒಂದೇ ಒಂದು ಸಲ ಹೋಗಿ ಬರುವ ಹಾಗಿದ್ದರೆ!

ಜೂನ್ 28, ಶನಿವಾರ

ನಾನು ಕತ್ತೆ. ಬರೆದು ಅಡಿಗೆರೆ ಎಳೆಯುತ್ತೇನೆ. ಕತ್ತೆ.

ಮಧ್ಯಾಹ್ನ ಸುಮ್ಮನೆ ಕೊನೆಯ ದೃಶ್ಯ ತೆರೆದುಕೊಂಡು ಕೂತಿದ್ದೆ. ಅಮ್ಮನನ್ನು ನೋಡಲು ಸಂಕಟವಾಗಿ ಮೇಲೆ ಚಂದ್ರನನ್ನು ನೋಡಿದೆ. ಚಂದ್ರ ಮೊಟ್ಟೆಯಾಗಿದ್ದ. ಪಕ್ಕಕ್ಕೆ ಮಲಗಿದ ಮೊಟ್ಟೆ. ಎಣಿಸಿದೆ: ಅಡ್ಡಕ್ಕೆ ಇಪ್ಪತ್ತನಾಲ್ಕು ಚೌಕ, ಎತ್ತರಕ್ಕೆ ಇಪ್ಪತ್ತು. ಅಕ್ಕ ಬೋರ್ಡಿನ ಮೇಲೆ ಬರಿಗೈಯಲ್ಲಿ ವೃತ್ತ ಎಳೆದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಮೊಟ್ಟೆ ಚಂದ್ರನನ್ನು ಬಿಡಿಸುತ್ತಾಳೆಯೇ?

ಆಗ ಹೊಳೆಯಿತು. ಅಪ್ಪ ತಂದ ಆ ಮಾನಿಟರು ಈಗಿನವುಗಳ ಹಾಗೆ ಅಗಲವಾಗಿರಲಿಲ್ಲ, ಹೆಚ್ಚುಕಡಿಮೆ ಚೌಕ ಪೆಟ್ಟಿಗೆ. ಅಡ್ಡಕ್ಕೆ ಮುನ್ನೂರ ಇಪ್ಪತ್ತು, ಎತ್ತರಕ್ಕೆ ಇನ್ನೂರು ಚೌಕದ ಚಿತ್ರ ಅದರ ನಾಲ್ಕು ಅಂಚಿಗೂ ಮುಟ್ಟುವ ಹಾಗೆ ತುಂಬಿಕೊಳ್ಳುತ್ತಿತ್ತು. ಹಾಗೆ ತುಂಬಬೇಕಾದರೆ ಪ್ರತಿ ಚೌಕವೂ ಮೇಲಕ್ಕೆ ಹಿಗ್ಗಬೇಕು. ಅಂದರೆ ಅವು ಚೌಕಗಳೇ ಆಗಿರಲಿಲ್ಲ. ಅಗಲ ಐದಾದರೆ ಎತ್ತರ ಆರು. ಅಕ್ಕ ಎಣಿಸಿ ಬಿಡಿಸಿದವಳಲ್ಲ. ಪರದೆಯ ಮೇಲೆ ಚಂದ್ರ ದುಂಡಗೆ ಕಾಣುವವರೆಗೂ, ಅಮ್ಮ ಅಮ್ಮನಷ್ಟು ಎತ್ತರ ಕಾಣುವವರೆಗೂ ಕಣ್ಣಳತೆಯಲ್ಲೇ ತಿದ್ದಿದವಳು. ಅಂದಿನ ನಲವತ್ತು ಇಂದಿನ ನಲವತ್ತೆಂಟು. ಸಂಖ್ಯೆ ಸುಳ್ಳು ಹೇಳಲಿಲ್ಲ, ನಾನೇ ಕೇಳಿಸಿಕೊಂಡದ್ದು ಅರ್ಧ.

ಅಡ್ಡಕ್ಕೆ ಐದು ಪಟ್ಟು, ಮೇಲಕ್ಕೆ ಆರು ಪಟ್ಟು ಎಂದು ಬರೆದೆ. ಎರಡೂ ಪೂರ್ತಿ ಸಂಖ್ಯೆ, ಎಲ್ಲಿಯೂ ಮಸುಕಿಲ್ಲ, ಅಲೆಯಿಲ್ಲ. ಒತ್ತಿದೆ. ಚಂದ್ರ ದುಂಡಗಾದ. ಬಾಗಿಲು ಬೆಳೆಯಿತು. ಅಮ್ಮ ನೆಟ್ಟಗೆ ನಿಂತಳು, ಮೇಲಕ್ಕೆ ಎಳೆದ ಗೆರೆಯ ಹಾಗೆ.

ಅಕ್ಕಾ, ನೀನು ಹೇಳಿದ್ದೇ ಸರಿ. ಫೋನಿನಲ್ಲಿ ಹೇಳುವ ಮಾತಲ್ಲ, ನಾಳೆ ಹೋಗಿ ಹೇಳುತ್ತೇನೆ.

ಜೂನ್ 29, ಭಾನುವಾರ

ಬಾಗಿಲು ತೆರೆದವಳು ಅಕ್ಕನೇ. ಮುಖ ಊದಿಸಿಕೊಂಡಿದ್ದಳು. "ಅಮ್ಮ ಕುಳ್ಳಗಿರಲಿಲ್ಲ" ಅಂದೆ. "ಹಾಗೆ ಬಾ ದಾರಿಗೆ" ಎಂದು ಒಳಗೆ ಬಿಟ್ಟಳು.

ಆರು ಪಟ್ಟು ಎತ್ತರವಾದ ಮೇಲೆ ಚಿತ್ರ ಟಿವಿಗೆ ಹಿಡಿಸುವುದಿಲ್ಲ. ಮೇಲೆ ಚಂದ್ರ ಕತ್ತರಿಸಿ ಹೋಗಬೇಕು, ಇಲ್ಲವೇ ಕೆಳಗೆ ನೆಲ. "ನೆಲ ಹೋಗ್ಲಿ ಬಿಡು, ಅದನ್ನ ಯಾರು ನೋಡ್ತಾರೆ" ಅಂದಳು ಅಕ್ಕ. ನೆಲದ ಜೊತೆ ಅಮ್ಮನ ಪಾದವೂ ಹೋಯಿತು. ಬಾಕಿ ಅಮ್ಮ ಪೂರ್ತಿ ಬಂದಳು.

ಅಕ್ಕ ತಲೆ ವಾಲಿಸಿ ನೋಡಿದಳು. ಆಮೇಲೆ, "ಹ್ಞಾಂ. ಈಗ ಬಂದ್ಲು ನೋಡು. ಆ ಸೊಂಟ, ಆ ಮೊಣಕೈ... ಬೈಯೋಕೆ ಮುಂಚೆ ಹೀಗೇ ನಿಲ್ತಿದ್ಲು" ಅಂದಳು. ನನಗೆ ಹಿಗ್ಗೋ ಹಿಗ್ಗು. ಭಾವ ಚಹಾ ಮಾಡಲು ಎದ್ದರು.

"ಮುಖ ಮಾತ್ರ ಕಾಣಿಸ್ತಿಲ್ಲ ಕಣೇ" ಅಂದಳು ಅಕ್ಕ, ಸಣ್ಣ ದನಿಯಲ್ಲಿ. "ಮುಖದ ಕಡೆ ತಿರುಗಿದ್ರೆ ಮುಖವೇ ಮಾಯ. ಬಾಗಿಲು ಕಾಣುತ್ತೆ, ತಂತಿ ಮೇಲಿನ ಬಟ್ಟೆ ಕಾಣುತ್ತೆ. ಸ್ವಲ್ಪ ಹತ್ತಿರ ತರೋಕಾಗಲ್ವಾ?"

ತರುತ್ತೇನೆ ಅಂದೆ. ಅಷ್ಟೇ ತಾನೇ, ಇನ್ನೂ ಹಿಗ್ಗಿಸಿದರಾಯಿತು.

ಜುಲೈ 3, ಗುರುವಾರ

ರಜೆ ಹಾಕಿ ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ಡಾಕ್ಟರು ನಮ್ಮ ವಯಸ್ಸಿನ ಹೆಂಗಸು, ಮಾತು ತೂಕದ್ದು. ಬಲಗಣ್ಣೂ ಇಂಜೆಕ್ಷನ್ನಿಗೆ ಬಗ್ಗಲಿಲ್ಲವಂತೆ. ಇನ್ನು ಕೊಟ್ಟು ಪ್ರಯೋಜನವಿಲ್ಲ ಎಂದರು. ಪೂರ್ತಿ ಕತ್ತಲಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ, ಓಡಾಡಿಕೊಂಡಿರಬಹುದು. ಓದುವುದು, ಮುಖ ಗುರುತಿಸುವುದು ಇನ್ನಾಗದು. ಈಗ ಇರುವ ಚೂರುಪಾರು ಸಹ ಕೆಲವು ವಾರಗಳದ್ದು.

ಅಕ್ಕ, "ಸರಿ ಡಾಕ್ಟ್ರೇ" ಅಂದಳು. ನಾನೇ ಅತ್ತುಬಿಟ್ಟೆ, ನಾಚಿಕೆಗೇಡು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ ದಾರಿಯುದ್ದಕ್ಕೂ ಬೋರ್ಡುಗಳನ್ನು ಓದಿ ಹೇಳಿದೆ. ಹೊಲಿಗೆ ಅಂಗಡಿ, ಕೀಲಿ ರಿಪೇರಿ, ಮನೆ ಬಾಡಿಗೆಗಿದೆ. ಅವಳು ಒಂದೊಂದಕ್ಕೂ ಅಕ್ಷರ ಹೇಗಿದೆ, ಯಾವ ಬಣ್ಣ ಎಂದು ಕೇಳಿದಳು. ಕೀಲಿ ರಿಪೇರಿಯವನ ಅಕ್ಷರ ಸೊಟ್ಟಗಿದೆ ಅಂದರೆ, "ನನ್ನ ಕ್ಲಾಸಿಗೆ ಕಳಿಸು" ಅಂದಳು.

ಜುಲೈ 5, ಶನಿವಾರ

ಮುಖ ಆಗುತ್ತಿಲ್ಲ.

ಎರಡು ದಿನದಿಂದ ಅದಕ್ಕೇ ಕೂತಿದ್ದೇನೆ. ಮುಖ ಇರುವುದೇ ಅಡ್ಡಕ್ಕೆ ಒಂಬತ್ತು ಚೌಕ, ಎತ್ತರಕ್ಕೆ ಹತ್ತು. ಟಿವಿ ತುಂಬ ಹಿಗ್ಗಿಸಿದರೆ ಒಂದೊಂದು ಚೌಕವೂ ನನ್ನ ಅಂಗೈಯಗಲ. ಕಂದು, ಹಳದಿ, ಕಂದು, ಹಳದಿ, ನಡುವೆ ಎರಡು ಕಪ್ಪು, ಕೆಳಗೆ ಒಂದು ಕೆಂಪು. ಅಲ್ಲಿ ಮುಖವೇ ಇಲ್ಲ. ಇಲ್ಲದ್ದನ್ನು ಎಷ್ಟು ಪಟ್ಟು ಹಿಗ್ಗಿಸಿದರೇನು?

ನಿನ್ನೆ ಗಡ್ಡ ಒಂದು ದಾರಿ ಹೇಳಿದ್ದ. "ಈಗೆಲ್ಲ ಊಹಿಸಿ ತುಂಬೋ ಪ್ರೋಗ್ರಾಂ ಇವೆಯಲ್ಲ ಮೇಡಂ. ಕೊಟ್ರೆ ಕಣ್ಣು, ಮೂಗು, ರೆಪ್ಪೆ ಎಲ್ಲಾ ಹಾಕಿಕೊಡುತ್ತೆ. ನಿಮ್ಮಕ್ಕನಿಗೆ ಗೊತ್ತಾಗುತ್ತಾ ಪಾಪ?" ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಇವತ್ತು ಹಾಕಿ ನೋಡಿದೆ. ನುಣುಪು ಕೆನ್ನೆಯ, ಹೊಳೆಯುವ ಕಣ್ಣಿನ ಹೆಂಗಸೊಬ್ಬಳು ಬಂದಳು. ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ, ನಾನು ಇಷ್ಟು ದಿನ ಪಟ್ಟು ಹಿಡಿದಿದ್ದ ಹಾಗೇ. ಚೆಂದವಾಗಿದ್ದಳು. ಯಾರನ್ನೂ ಯಾವತ್ತೂ ಬೈದವಳಲ್ಲ.

ಅಕ್ಕನಿಗೆ ಗೊತ್ತಾಗದೇ ಇರಬಹುದು. ಅದೇ ಹೆದರಿಕೆ. ಯಾರೋ ಹೆಂಗಸನ್ನು ಅಮ್ಮ ಎಂದುಕೊಂಡು ಕಣ್ಣು ತುಂಬಿಕೊಂಡುಬಿಟ್ಟರೆ? ಅವಳ ಕಣ್ಣಿಗೆ ಕೊನೆಯದಾಗಿ ಸಿಕ್ಕ ಮುಖ ಅದಾದರೆ? ಅಳಿಸಿ ಹಾಕಿದೆ.

ನಾಳೆ ಆ ತೊಂಬತ್ತು ಚೌಕಗಳನ್ನೇ ತೆಗೆದುಕೊಂಡು ಹೋಗುತ್ತೇನೆ. ಇದ್ದದ್ದು ಇಷ್ಟೇ ಅಕ್ಕಾ, ಇದಕ್ಕಿಂತ ನನ್ನ ಕೈಲಾಗಲಿಲ್ಲ ಎಂದು ಹೇಳುತ್ತೇನೆ. ಹೇಗೆ ಹೇಳುವುದೋ ಗೊತ್ತಿಲ್ಲ.

ಜುಲೈ 6, ಭಾನುವಾರ

ಬೆಳಿಗ್ಗೆಯೇ ಹೋದೆ. ಟಿವಿ ತುಂಬ ಚೌಕಗಳನ್ನು ಹಾಕಿದೆ. ಭಾವ ಅಡುಗೆಮನೆಯಿಂದ ಬಂದು ನೋಡಿ, "ಇದೇನಮ್ಮಾ, ಬಚ್ಚಲಮನೆ ಟೈಲ್ಸಾ?" ಅಂದರು. ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು. "ಅಕ್ಕಾ, ಕ್ಷಮಿಸಿಬಿಡೇ. ಮುಖ ಸಿಗಲಿಲ್ಲ. ಇಷ್ಟೇ ಇರೋದು" ಎಂದು ಆರಿಸಲು ಹೋದೆ.

"ಮುಟ್ಟಬೇಡ" ಅಂದಳು ಅಕ್ಕ.

ಅವಳು ಟಿವಿಯ ಕಡೆ ನೋಡುತ್ತಲೇ ಇರಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಮುಖವನ್ನು ಕಿಟಕಿಯ ಕಡೆ ಮಾಡಿ, ಕಣ್ಣಂಚಿನಲ್ಲಿ ಟಿವಿಯನ್ನು ಹಿಡಿದುಕೊಂಡಿದ್ದಳು. ಕೈ ಮಡಿಲಲ್ಲಿ ಸುಮ್ಮನಿತ್ತು.

"ಹುಬ್ಬು ಗಂಟು ಹಾಕ್ಕೊಂಡಿದಾಳೆ."

ಹುಬ್ಬೇ ಇಲ್ಲ ಅಲ್ಲಿ. ಹಣೆಗೆ ಅಡ್ಡ ಹಿಡಿದ ಕೈಯ ನೆರಳಿಗೆ ಅಂತ ಇಟ್ಟ ಎರಡು ಕಪ್ಪು ಚೌಕ ಅಷ್ಟೇ.

"ಬಾಯಿ ನೋಡೇ. ಬೈತಾ ಇರೋ ಹಾಗೆ ನಾಟಕ ಆಡ್ತಿದಾಳೆ, ಒಳಗೇ ನಗು ತಡ್ಕೊಂಡಿದಾಳೆ. ಆವತ್ತು ನಾನು ಮುಖ ಮಾಡ್ತಿದೀನಿ ಅಂದಿದ್ದಕ್ಕೆ."

ಅಕ್ಕ ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆ ಎಂದುಕೊಂಡೆ. ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಕಂದು, ಹಳದಿ, ಕಂದು, ಹಳದಿ. ಅಂಚುಗಳು ಬ್ಲೇಡಿನ ಹಾಗೆ ಚೂಪು. ಕೆಂಪು ಚೌಕ ಬರೀ ಕೆಂಪು ಚೌಕ.

"ಕಾಣಿಸ್ತಿಲ್ಲ ಕಣಕ್ಕಾ" ಅಂದೆ. ಅಳು ಬಂದುಬಿಟ್ಟಿತ್ತು.

"ಹತ್ತಿರ ಹೋದ್ರೆ ಹೇಗೇ ಕಾಣುತ್ತೆ ಪೆದ್ದಿ? ಇಲ್ಲಿ ಬಾ. ನನ್ನ ಪಕ್ಕ ಕೂತ್ಕೋ. ಕನ್ನಡಕ ತೆಗಿ."

ಕನ್ನಡಕ ತೆಗೆದರೆ ನನಗೆ ಗೋಡೆಗೂ ಬಾಗಿಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೂ ತೆಗೆದೆ. ಅಕ್ಕನ ಕುರ್ಚಿಯ ಅಂಚಿನಲ್ಲೇ ಅವಳಿಗೆ ಒತ್ತಿಕೊಂಡು ಕೂತೆ. ಮೊದಲು ಏನೂ ಇರಲಿಲ್ಲ, ಬಣ್ಣದ ಮೋಡ. ಆಮೇಲೆ ಚೌಕಗಳ ಅಂಚು ಕರಗಿತು. ಕಂದು ಹಳದಿಯೊಳಗೆ, ಹಳದಿ ಕಂದಿನೊಳಗೆ ಸೇರಿಕೊಂಡು ಕೆನ್ನೆಯಾಯಿತು. ಸಂಜೆಯ ಬೆಳಕು ಬಿದ್ದ ಕೆನ್ನೆ. ಕಪ್ಪು ಎರಡೂ ಕಿರಿದಾಗಿ ನಮ್ಮನ್ನೇ ಹುಡುಕುವ ಕಣ್ಣಾದವು. ಬಾಯಿಯ ಒಂದು ತುದಿ, ಹೌದು, ಎಡ ತುದಿ, ಮೇಲಕ್ಕೆ ಎಳೆದಿತ್ತು.

ಅಮ್ಮ. ಫೋಟೋದ ಅಮ್ಮನಲ್ಲ, ಆಸ್ಪತ್ರೆಯ ಅಮ್ಮನಲ್ಲ. ನಲವತ್ತೈದರ, ಕೈ ಇನ್ನೂ ಒದ್ದೆಯಿರುವ, ಈಗ ಬಾಯಿ ತೆರೆದರೆ ಬೈಗುಳವೇ ಬರುವ ಅಮ್ಮ.

"ಕಂಡ್ಲಾ?" ಎಂದಳು ಅಕ್ಕ, ಕಿಟಕಿಯ ಕಡೆಗೇ ನೋಡುತ್ತ.

ಅವಳ ಕೈ ಹಿಡಿದುಕೊಂಡೆ, ಗಟ್ಟಿಯಾಗಿ. ಅಳುತ್ತಿದ್ದೆ, ಅಳುವಿನಿಂದ ಪರದೆ ಇನ್ನಷ್ಟು ಮಸುಕಾಯಿತು, ಅಮ್ಮ ಇನ್ನಷ್ಟು ಹತ್ತಿರ ಬಂದಳು. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ. ಭಾವ ಹಿಂದಿನಿಂದ ಬಂದು, "ಊಟಕ್ಕೆ ಹೊತ್ತಾಯ್ತು. ಟಿವಿ ಆರಿಸಲಾ?" ಎಂದು ಕೇಳಿದರು.

"ಬೇಡ" ಅಂದೆವು, ಇಬ್ಬರೂ ಒಟ್ಟಿಗೆ.